ದಾನದ ಹಣ ವಿಶ್ವವಿದ್ಯಾಲಯವನ್ನು ಸಲಹಿದ ಬಗೆ: ಅಲೀಗಢ ಮತ್ತು ಜಾಮಿಯಾ

ವಿದ್ಯಾರ್ಥಿವೇತನದ ಅರ್ಜಿ ಸ್ವೀಕರಿಸುವ ದಿನಗಳಲ್ಲಿ ನಮ್ಮ ಟ್ರಸ್ಟಿನ ಕಚೇರಿಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ದಾನಿಗಳು ಹೇಳುವ ಮಾತು: "ಪ್ರತಿ ವರ್ಷ ಹಣ ಹಂಚಿ ಕೈತೊಳೆದುಕೊಳ್ಳುವ ಬದಲು ಒಂದು ಕಟ್ಟಡ ಕಟ್ಟಬಾರದೇ? ಕಣ್ಣಿಗೆ ಕಾಣುತ್ತದೆ, ಸದಕಾ ಜಾರಿಯಾ ಆಗಿಯೂ ಉಳಿಯುತ್ತದೆ." ಪೋಷಕರು, ಅದರಲ್ಲೂ ತಾಯಂದಿರು, ಹೊರಡುವ ಹೊತ್ತಿಗೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳುವುದು ಬೇರೆ: "ಫೀಸು ಹೇಗೋ ಹೊಂದಿಸುತ್ತೇವೆ ಸರ್. ಹಾಸ್ಟೆಲ್ ಊಟದ ಖರ್ಚಿಗೆ ಏನಾದರೂ ಆಗುತ್ತದೆಯೇ?"

ಈ ಎರಡು ಮಾತುಗಳ ನಡುವೆ ಇರುವ ಅಂತರವೇ ಈ ವರ್ಷದ ಅಧ್ಯಯನ ಲೇಖನದ ವಿಷಯ. ಒಂದು ವಿಶ್ವವಿದ್ಯಾಲಯ ನಿಲ್ಲಬೇಕಾದರೆ ಕಟ್ಟಡ ಬೇಕು, ಭೂಮಿ ಬೇಕು, ಸಂಬಳ ಕೊಡುವ ಮೂಲನಿಧಿ ಬೇಕು. ಅದರೊಳಗೆ ಬಡವನ ಮಗ, ಬಡವನ ಮಗಳು ಓದು ಮುಗಿಸಬೇಕಾದರೆ ತಿಂಗಳು ತಿಂಗಳು ಬರುವ ಹಣ ಬೇಕು. ಮೊದಲನೆಯದಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಎರಡನೆಯದು ಎಲ್ಲ ಕಾಲದಲ್ಲೂ ಕೊರತೆಯಲ್ಲೇ ಉಳಿದಿದೆ. ಇದನ್ನು ಸ್ಪಷ್ಟವಾಗಿ ನೋಡಲು ನಮ್ಮ ದೇಶದ ಇತಿಹಾಸದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 1920ರ ಕೊನೆಯ ತಿಂಗಳುಗಳಲ್ಲಿ, ಅಲೀಗಢ ಎಂಬ ಒಂದೇ ಊರಿನಲ್ಲಿ ಎರಡು ವಿದ್ಯಾಸಂಸ್ಥೆಗಳು ಹುಟ್ಟಿದವು. ಒಂದರ ಕೈಯಲ್ಲಿ 30 ಲಕ್ಷ ರೂಪಾಯಿಯ ನಿಧಿ, ಸರ್ಕಾರದ ಕಾಯ್ದೆ ಇತ್ತು. ಇನ್ನೊಂದರ ಬಳಿ ಬಾಡಿಗೆ ಕಟ್ಟಲೂ ಖಚಿತವಾದ ವರಮಾನ ಇರಲಿಲ್ಲ. ಎರಡೂ ಇಂದು ಕೇಂದ್ರೀಯ ವಿಶ್ವವಿದ್ಯಾಲಯಗಳು.

ರೊಟ್ಟಿಯ ವಕ್ಫ್

ಅಲೀಗಢಕ್ಕೆ ಹೋಗುವ ಮುನ್ನ ಒಂದು ಹಳೆಯ ಪದ್ಧತಿಯನ್ನು ನೆನಪಿಸಿಕೊಳ್ಳಬೇಕು. ಕೈರೋದ ಅಲ್-ಅಝ್‌ಹರ್ ಮಸೀದಿ 10ನೇ ಶತಮಾನದಲ್ಲಿ ಕಟ್ಟಿದ್ದು. ಅಲ್ಲಿ ಓದಲು ಬಂದವರು ತಮ್ಮ ತಮ್ಮ ನಾಡಿನ ಹೆಸರಿನ 'ರಿವಾಕ್'ಗಳಲ್ಲಿ ತಂಗುತ್ತಿದ್ದರು. ಮಗ್ರಿಬಿನವರಿಗೆ ಒಂದು, ಸಿರಿಯಾದವರಿಗೆ ಒಂದು, ತುರ್ಕರಿಗೆ ಒಂದು. ನಮ್ಮ ಹಿಂದ್‌ನಿಂದ ಹೋದವರಿಗೂ ಒಂದು ರಿವಾಕ್ ಇತ್ತು. ಈ ರಿವಾಕ್‌ಗಳಿಗೆ ಜನರು ಹೊಲ, ಅಂಗಡಿ, ಮನೆಗಳನ್ನು ವಕ್ಫ್ ಮಾಡುತ್ತಿದ್ದರು. ಆ ವರಮಾನದಲ್ಲಿ ವಿದ್ಯಾರ್ಥಿಗಳಿಗೆ ರೊಟ್ಟಿಯ ಪಡಿ ಹಂಚಲಾಗುತ್ತಿತ್ತು. ಅದಕ್ಕೆ 'ಜಿರಾಯಾ' ಎಂದು ಹೆಸರು. ಇಷ್ಟು ರೊಟ್ಟಿ ಯಾವ ರಿವಾಕಿಗೆ, ಯಾರಿಗೆ ಎಂಬುದಕ್ಕೆಲ್ಲ ಲೆಕ್ಕವಿತ್ತು.

ವಕ್ಫ್ ಎಂದರೆ ಇಂದು ನಮಗೆ ಮಸೀದಿ, ಖಬರಸ್ತಾನ್, ಈದ್ಗಾ ನೆನಪಾಗುತ್ತದೆ. ವಿದ್ಯಾರ್ಥಿಯ ತಟ್ಟೆಯ ರೊಟ್ಟಿಯನ್ನೂ ವಕ್ಫ್ ಮಾಡಿದ ಜನ ನಮ್ಮವರೇ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. 19ನೇ ಶತಮಾನದ ಆರಂಭದಲ್ಲಿ ಈಜಿಪ್ಟಿನ ದೊರೆ ಮುಹಮ್ಮದ್ ಅಲಿ ವಕ್ಫ್ ಭೂಮಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಾಗ ಅಝ್‌ಹರ್‌ನ ಕಟ್ಟಡಕ್ಕೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಅದರ ವರಮಾನಕ್ಕೆ, ಆ ವರಮಾನ ನೆಚ್ಚಿಕೊಂಡಿದ್ದ ಉಸ್ತಾದರಿಗೆ ಮತ್ತು ಮಕ್ಕಳಿಗೆ.

ಅಲೀಗಢದ ಚಂದಾ

ಸರ್ ಸೈಯದ್ ಅಹ್ಮದ್ ಖಾನ್ (1817–1898) ಬ್ರಿಟಿಷ್ ಸರ್ಕಾರದ ನ್ಯಾಯಾಂಗ ಇಲಾಖೆಯಲ್ಲಿದ್ದವರು. 1869ರಲ್ಲಿ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಡ್ಜ್ ನೋಡಿ, 1870ರಲ್ಲಿ ಹಿಂದಿರುಗಿದರು. ವಿದ್ಯಾರ್ಥಿಗಳು ಕಾಲೇಜಿನಲ್ಲೇ ಉಳಿದು, ಒಟ್ಟಿಗೆ ಉಂಡು, ಒಟ್ಟಿಗೆ ಓದುವ ವ್ಯವಸ್ಥೆ ಅವರ ಮನಸ್ಸಿನಲ್ಲಿ ನಿಂತಿತು. 1872ರಲ್ಲಿ ಬನಾರಸಿನಲ್ಲಿ ಕಾಲೇಜು ನಿಧಿ ಸಮಿತಿ ಸ್ಥಾಪನೆಯಾಯಿತು. 1875ರ ಮೇ 24ರಂದು ಅಲೀಗಢದಲ್ಲಿ ಶಾಲೆ ಆರಂಭವಾಯಿತು. ಹಳೆಯ ಸೇನಾ ಛಾವಣಿಯ ಜಾಗ ದೊರೆತು, 1877ರ ಜನವರಿ 8ರಂದು ವೈಸರಾಯ್ ಲಾರ್ಡ್ ಲಿಟ್ಟನ್ ಮುಹಮ್ಮಡನ್ ಆಂಗ್ಲೋ-ಓರಿಯೆಂಟಲ್ ಕಾಲೇಜಿಗೆ ಅಡಿಗಲ್ಲು ಹಾಕಿದರು.

ಹಣ ಕೂಡಿಸುವ ವಿಷಯದಲ್ಲಿ ಸರ್ ಸೈಯದರು ಸಂಕೋಚ ಎಂಬುದನ್ನೇ ಬಿಟ್ಟವರು. ಊರೂರು ಸುತ್ತಿದರು, ಪುಸ್ತಕ ಮಾರಿದರು, ಇಳಿವಯಸ್ಸಿನಲ್ಲಿ ಅಲೀಗಢದ ನುಮಾಯಿಶ್‌ನಲ್ಲಿ ವೇದಿಕೆ ಹತ್ತಿ ಜನರನ್ನು ರಂಜಿಸಿ ಹಣ ಕೇಳಿದರು. ಒಮ್ಮೆ ಲಾಟರಿಯನ್ನೂ ನಡೆಸಿದರು. ಅದು ಸರಿಯಲ್ಲವೆಂದು ಆಗಲೇ ಆಕ್ಷೇಪ ಬಂದಿತ್ತು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಜೂಜಿನ ಹಾದಿಯ ಹಣ ನಮ್ಮಂಥ ಟ್ರಸ್ಟಿಗೆ ಮಾದರಿಯಲ್ಲ. ಆದರೆ ಸಮುದಾಯದ ಮಕ್ಕಳ ಓದಿಗಾಗಿ ಒಬ್ಬ ಗೌರವಸ್ಥ ತನ್ನ ಮಾನಾಪಮಾನವನ್ನು ಎಷ್ಟರ ಮಟ್ಟಿಗೆ ಬದಿಗಿಟ್ಟಿದ್ದ ಎಂಬುದಕ್ಕೆ ಆ ಘಟನೆ ಸಾಕ್ಷಿ.

ದಾನಿಗಳ ಮನಸ್ಸನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಸ್ಟ್ರೇಚಿ ಹಾಲ್ ಎಂಬ ಸಭಾಂಗಣದಲ್ಲಿ ಇಂದಿಗೂ ಆ ಫಲಕಗಳನ್ನು ಓದಬಹುದು. ಅವುಗಳಲ್ಲಿ ಮುಸ್ಲಿಮರ ಹೆಸರುಗಳ ಜೊತೆ ಹಿಂದೂಗಳ, ಇಂಗ್ಲಿಷರ ಹೆಸರುಗಳೂ ಇವೆ. ಪಟಿಯಾಲದ ಸಿಖ್ ಮಹಾರಾಜರು ದೊಡ್ಡ ದಾನಿಗಳಲ್ಲಿ ಒಬ್ಬರು. ಕಾಲೇಜಿನ ಬಾಗಿಲೂ ಹಾಗೆಯೇ ತೆರೆದಿತ್ತು. ಅಲ್ಲಿಂದ ಹೊರಬಂದ ಮೊದಲ ಪದವೀಧರ ಈಶ್ವರಿ ಪ್ರಸಾದ್ ಎಂಬ ಹಿಂದೂ ವಿದ್ಯಾರ್ಥಿ.

ಹೈದರಾಬಾದಿನ ನಿಜಾಮ್ ಸರ್ಕಾರವೂ ಈ ಕಾಲೇಜಿಗೆ ಅನುದಾನ ಕೊಟ್ಟಿತು. ಇಲ್ಲಿ ನಮ್ಮ ನಾಡಿನ ಎಳೆಯೊಂದು ಸೇರಿಕೊಳ್ಳುತ್ತದೆ. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮ್ ಸಂಸ್ಥಾನದ ಜಿಲ್ಲೆಗಳು. ಅಲೀಗಢದ ಗೋಡೆಗೆ ಹೋದ ಆ ಹಣದಲ್ಲಿ ಅಲ್ಲಿನ ಕನ್ನಡದ ರೈತರು ಕಟ್ಟಿದ ಕಂದಾಯದ ಪಾಲೂ ಇತ್ತು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ವಿದ್ಯಾರ್ಥಿಗಳೇ ಎತ್ತಿದ ಹಣ

ಕಟ್ಟಡ ಎದ್ದಿತು. ವಿದ್ಯಾರ್ಥಿಗಳ ಊಟ, ವಸತಿ, ಫೀಸಿನ ಖರ್ಚು ಮಾತ್ರ ಮನೆಯವರೇ ಭರಿಸಬೇಕಿತ್ತು. ಜಮೀನುದಾರರ ಮಕ್ಕಳಿಗೆ, ಸರ್ಕಾರಿ ನೌಕರರ ಮಕ್ಕಳಿಗೆ ಅದು ಸಾಧ್ಯವಿತ್ತು. ತಂದೆ ಇಲ್ಲದ ಹುಡುಗನಿಗೆ, ಸಣ್ಣ ಸಂಬಳದ ಮುನ್ಷಿಯ ಮಗನಿಗೆ ಎಲ್ಲಿಂದ ಬರಬೇಕು?

ಈ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಂಡವರು ವಿದ್ಯಾರ್ಥಿಗಳೇ. 1890ರ ಸುಮಾರಿಗೆ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಮತ್ತು ಅವರ ಗೆಳೆಯರು 'ಅಂಜುಮನ್-ಅಲ್-ಫರ್ಝ್' ಆರಂಭಿಸಿದರು. ಫರ್ಝ್ ಎಂದರೆ ಕಡ್ಡಾಯ ಕರ್ತವ್ಯ. ಇಂಗ್ಲಿಷಿನಲ್ಲಿ ಅದಕ್ಕೆ 'ಡ್ಯೂಟಿ ಸೊಸೈಟಿ' ಎಂಬ ಹೆಸರು ಬಿತ್ತು. ರಜೆಯಲ್ಲಿ ಹುಡುಗರು ತಂಡ ಕಟ್ಟಿಕೊಂಡು ಊರುಗಳಿಗೆ ಹೋಗಿ ಬಡ ಸಹಪಾಠಿಗಳಿಗಾಗಿ ಹಣ ಕೂಡಿಸುತ್ತಿದ್ದರು. ಅಂಗಡಿ ನಡೆಸಿ ಅದರ ಲಾಭವನ್ನೂ ಈ ನಿಧಿಗೆ ಸೇರಿಸಿದರು. ಒಳ್ಳೆಯ ಮನೆತನದ ಹುಡುಗರು ಜನರೆದುರು ಕೈಚಾಚುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಸಂಘಕ್ಕೆ 'ಫರ್ಝ್' ಎಂಬ ಹೆಸರಿಟ್ಟಿದ್ದರ ಹಿಂದೆ ಈ ನಾಚಿಕೆಯನ್ನು ಗೆಲ್ಲುವ ಯೋಚನೆಯೂ ಇದ್ದಿರಬಹುದು ಎಂದು ನನಗೆ ತೋರುತ್ತದೆ. ಕರ್ತವ್ಯ ಮಾಡುವವನು ಭಿಕ್ಷೆ ಬೇಡುವವನಾಗುವುದಿಲ್ಲ. ಆ ಸೊಸೈಟಿ ಅಲೀಗಢದಲ್ಲಿ ಬಹುಕಾಲ ಬಾಳಿತು.

ನಮ್ಮಲ್ಲಿ ವಿದ್ಯಾರ್ಥಿವೇತನ ಪಡೆದು ಓದಿ, ಈಗ ಬೆಂಗಳೂರಿನಲ್ಲೋ ದುಬೈಯಲ್ಲೋ ದಮ್ಮಾಮ್‌ನಲ್ಲೋ ಕೆಲಸದಲ್ಲಿರುವವರು ಈ ಲೇಖನ ಓದುತ್ತಿದ್ದರೆ, ಈ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಒಂದು ಲಕ್ಷದ ಮೋಸ

ದಾನದ ಚರಿತ್ರೆ ಹೇಳುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ವಾರ್ಷಿಕ ವರದಿಯಲ್ಲಿ ಬಿಡುವುದು ಸರಿಯಲ್ಲ.

1895ರಲ್ಲಿ ಅಲೀಗಢ ಕಾಲೇಜಿನ ಕಚೇರಿಯ ಮುಖ್ಯ ಗುಮಾಸ್ತನೊಬ್ಬ ಕಾಲೇಜಿನ ಹಣವನ್ನು ಕಬಳಿಸಿದ್ದು ಬೆಳಕಿಗೆ ಬಂತು. ಮೊತ್ತ ಒಂದು ಲಕ್ಷ ರೂಪಾಯಿಗೂ ಮೀರಿತ್ತು. ಅಂದಿನ ಒಂದು ಲಕ್ಷ! ಸರ್ ಸೈಯದರು ಆತನನ್ನು ಪೂರ್ತಿ ನಂಬಿದ್ದರು. ಅವರು ಪ್ರಾಮಾಣಿಕರು, ಸ್ವಂತಕ್ಕೆ ಒಂದು ಪೈಸೆ ಮುಟ್ಟಿದವರಲ್ಲ. ಲೆಕ್ಕ ನೋಡುವ ವ್ಯವಸ್ಥೆ ಮಾತ್ರ ಬಲವಾಗಿರಲಿಲ್ಲ. ಎಲ್ಲವೂ ಒಬ್ಬರ ವಿಶ್ವಾಸದ ಮೇಲೆ ನಡೆಯುತ್ತಿತ್ತು. ದಾನಿಗಳ ನಂಬಿಕೆ ಕದಡಿತು, ಕಾಲೇಜು ಸಾಲದಲ್ಲಿ ಬಿತ್ತು. ಮೂರು ವರ್ಷಗಳ ನಂತರ, 1898ರ ಮಾರ್ಚ್ 27ರಂದು, ಸರ್ ಸೈಯದರು ನಿಧನರಾದಾಗ ಕಾಲೇಜು ಉಳಿಯುತ್ತದೆಯೇ ಎಂಬ ಆತಂಕ ಎಲ್ಲರಲ್ಲೂ ಇತ್ತು.

ಅದನ್ನು ಮೇಲೆತ್ತಿದವರು ನವಾಬ್ ಮುಹ್ಸಿನುಲ್ ಮುಲ್ಕ್. ಹೈದರಾಬಾದ್ ಸಂಸ್ಥಾನದಲ್ಲಿ ಹಿರಿಯ ಅಧಿಕಾರಿಯಾಗಿದ್ದ ಅವರಿಗೆ ಆಡಳಿತವೂ ಹಣಕಾಸೂ ಗೊತ್ತಿತ್ತು. ಸರ್ ಸೈಯದರ ಸ್ಮಾರಕ ನಿಧಿಯ ಹೆಸರಿನಲ್ಲಿ ಹಣ ಕೂಡಿಸಿದರು. 1886ರಲ್ಲಿ ಸರ್ ಸೈಯದರೇ ಆರಂಭಿಸಿದ್ದ ಶಿಕ್ಷಣ ಸಮ್ಮೇಳನವನ್ನು ದೇಶದ ಬೇರೆ ಬೇರೆ ನಗರಗಳಿಗೆ ಕೊಂಡೊಯ್ದರು. 1907ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಾಲೇಜು ಮತ್ತೆ ಕಾಲಮೇಲೆ ನಿಂತಿತ್ತು.

ನಮ್ಮ ಊರುಗಳ ಎಷ್ಟೋ ಕಮಿಟಿಗಳಲ್ಲಿ ಲೆಕ್ಕ ಕೇಳುವುದನ್ನು ಅನುಮಾನ ಎಂದುಕೊಳ್ಳುತ್ತಾರೆ. "ಹಾಜಿ ಸಾಹೇಬರ ಮೇಲೆ ನಂಬಿಕೆ ಇಲ್ಲವೇ?" ಎಂದು ಬಾಯಿ ಮುಚ್ಚಿಸುತ್ತಾರೆ. ಹಾಜಿ ಸಾಹೇಬರ ಮೇಲೆ ನಂಬಿಕೆ ಇರುವುದರಿಂದಲೇ ಅವರ ಲೆಕ್ಕವನ್ನು ಹೊರಗಿನ ಲೆಕ್ಕಪರಿಶೋಧಕರು ನೋಡಬೇಕು. ಮುಂದೊಂದು ದಿನ ಅವರ ಹೆಸರಿಗೆ ಯಾರೂ ಮಸಿ ಬಳಿಯದಂತೆ ಕಾಯುವುದು ಆ ಕಾಗದವೇ. ಈ ವರದಿಯ ಕೊನೆಗೆ ಲಗತ್ತಿಸಿರುವ ಲೆಕ್ಕಪತ್ರವನ್ನು ದಯವಿಟ್ಟು ಓದಿ. ಅರ್ಥವಾಗದ ಸಾಲಿದ್ದರೆ ಕಚೇರಿಗೆ ಬಂದು ಕೇಳಿ.

30 ಲಕ್ಷ, ಮತ್ತು ಅದರಾಚೆ

ಕಾಲೇಜನ್ನು ವಿಶ್ವವಿದ್ಯಾಲಯ ಮಾಡಬೇಕೆಂಬ ಚಳವಳಿ 1911ರಲ್ಲಿ ಜೋರಾಯಿತು. 30 ಲಕ್ಷ ರೂಪಾಯಿ ಕೂಡಿಸಬೇಕಿತ್ತು. ಆಗಾ ಖಾನ್ ಅವರು ಒಂದು ಲಕ್ಷ ಕೊಟ್ಟು ಮುಂದೆ ನಿಂತರು. ಮೌಲಾನಾ ಶೌಕತ್ ಅಲಿ ಅವರ ಜೊತೆ ಊರೂರು ತಿರುಗಿದರು. ರಾಜರು, ನವಾಬರು ಕೊಟ್ಟರು, ಸಾಮಾನ್ಯರೂ ಕೊಟ್ಟರು. ಸರ್ಕಾರದೊಂದಿಗಿನ ಮಾತುಕತೆ ಷರತ್ತುಗಳ ಕಾರಣ ವರ್ಷಗಟ್ಟಲೆ ಎಳೆಯಿತು. ಕೊನೆಗೆ 1920ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಕಾಯ್ದೆ ಬಂತು. ಮೊದಲ ಚಾನ್ಸಲರ್ ಭೋಪಾಲಿನ ಆಡಳಿತಗಾರ್ತಿ ಸುಲ್ತಾನ್ ಜಹಾನ್ ಬೇಗಂ. ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1906ರಲ್ಲಿ ಅಲೀಗಢದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ, ಎಷ್ಟೋ ಜನ ವಿರೋಧಿಸುತ್ತಿದ್ದ ಹೊತ್ತಿನಲ್ಲಿ, ನೆರವು ನೀಡಿದವರು ಇದೇ ಬೇಗಂ. ಆ ಶಾಲೆ ಮುಂದೆ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಯಿತು.

ಆ ಕಾಯ್ದೆಯ 7ನೇ ಕಲಮನ್ನು ದಾನಿಗಳು ಗಮನಿಸಬೇಕು. 30 ಲಕ್ಷ ರೂಪಾಯಿಯನ್ನು ಶಾಶ್ವತ ದತ್ತಿಯಾಗಿ ಹೂಡಿಕೆಯಲ್ಲಿ ಇಡಬೇಕು, ಅದರ ಆದಾಯದಿಂದ ವಿಶ್ವವಿದ್ಯಾಲಯದ ನಿತ್ಯದ ಖರ್ಚು ನಡೆಯಬೇಕು ಎಂದು ಅದು ಹೇಳುತ್ತದೆ. ಜೊತೆಗೆ ಒಂದು ಹೊರತುಪಡಿಸುವಿಕೆ ಇದೆ: ಫೆಲೋಶಿಪ್, ವಿದ್ಯಾರ್ಥಿವೇತನ, ಬಹುಮಾನಗಳ ಖರ್ಚು ಇದರಲ್ಲಿ ಸೇರುವುದಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ. ಅಧ್ಯಾಪಕರ ಸಂಬಳ ನಿಂತರೆ ವಿಶ್ವವಿದ್ಯಾಲಯವೇ ಮುಚ್ಚುತ್ತದೆ. ಆದರೆ ಇದರ ಅರ್ಥವನ್ನು ಬಿಡಿಸಿ ನೋಡಿ. ಇಡೀ ದೇಶದ ಮುಸ್ಲಿಮರು ಹತ್ತು ವರ್ಷ ಕೂಡಿಸಿದ ಆ ದೊಡ್ಡ ನಿಧಿಯಲ್ಲಿ ಬಡ ವಿದ್ಯಾರ್ಥಿಯ ಊಟದ ಖರ್ಚಿಗೆ ದಾರಿ ಇರಲಿಲ್ಲ. ಅದಕ್ಕೆ ಬೇರೆಯೇ ದಾನಿ ಬೇಕಿತ್ತು.

ಮೂಲನಿಧಿಯ ಬಗ್ಗೆ ಇನ್ನೊಂದು ಮಾತು. 30 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಆದಾಯ ಎಂದು ಲೆಕ್ಕ ಹಾಕಿದರೆ ಒಂದೂವರೆ ಲಕ್ಷ ರೂಪಾಯಿ. 1920ರಲ್ಲಿ ಅದು ಭಾರೀ ಮೊತ್ತ. ಇಂದು ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ವೃತ್ತಿಪರ ಕೋರ್ಸಿಗೂ ಸಾಲದಿರಬಹುದು. ರೂಪಾಯಿಯಲ್ಲಿ ಇಟ್ಟ ನಿಧಿ ಬೆಲೆಯೇರಿಕೆಯ ಎದುರು ಕರಗುತ್ತದೆ. ನೆಲ, ಅಂಗಡಿ, ಮಳಿಗೆಯಾಗಿ ಇಟ್ಟರೆ ಬಾಡಿಗೆಯೂ ಕಾಲಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಹಿರಿಯರು ವಕ್ಫನ್ನು ಹೊಲ, ಅಂಗಡಿಗಳ ರೂಪದಲ್ಲಿ ಮಾಡಿದ್ದರಲ್ಲಿ ಈ ವಿವೇಕವಿತ್ತು. ಬಡ್ಡಿಯ ಆದಾಯದಿಂದ ದೂರ ಇರಬಯಸುವ ಟ್ರಸ್ಟ್‌ಗಳಿಗೆ ಇಂದಿಗೂ ಅದೇ ದಾರಿ. ಆದರೆ ಬಾಡಿಗೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಧೈರ್ಯ ಕಮಿಟಿಗೆ ಇರಬೇಕು. ಐವತ್ತು ವರ್ಷದ ಹಿಂದಿನ ಬಾಡಿಗೆಗೆ ಕೊಟ್ಟು ಕುಳಿತ ಮಳಿಗೆಯಿಂದ ಯಾವ ಮಗುವೂ ಓದುವುದಿಲ್ಲ.

ಇಂದು ಅಲೀಗಢದ ಖರ್ಚಿನ ಬಹುಪಾಲನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಹಾಗೆಂದು ದಾನಿಗಳ ಕೆಲಸ ನಿಂತಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಅಲ್ಲಿನ ಹಳೆಯ ವಿದ್ಯಾರ್ಥಿ, ಉದ್ಯಮಿ ಫ್ರ್ಯಾಂಕ್ ಇಸ್ಲಾಂ ಅವರ ದಾನದಿಂದ ಎದ್ದ ಮ್ಯಾನೇಜ್‌ಮೆಂಟ್ ವಿಭಾಗದ ಕಟ್ಟಡ 2017ರಲ್ಲಿ ಉದ್ಘಾಟನೆಯಾಯಿತು.

ಇಪ್ಪತ್ತು ವರ್ಷ, ತಿಂಗಳಿಗೆ 150 ರೂಪಾಯಿ

ಈಗ ಅದೇ 1920ರ ಇನ್ನೊಂದು ಸಂಸ್ಥೆಗೆ ಬರೋಣ. ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕಾಲ. ಸರ್ಕಾರದ ಅನುದಾನ ಬೇಡವೆಂದು ಅಲೀಗಢ ಕಾಲೇಜಿನಿಂದ ಹೊರಬಂದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು 1920ರ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪಿಸಿದರು. ಆರಂಭದಲ್ಲಿ ಖಿಲಾಫತ್ ಸಮಿತಿ ಅದರ ಖರ್ಚು ನೋಡಿಕೊಂಡಿತು. 1924ರಲ್ಲಿ ತುರ್ಕಿಯಲ್ಲಿ ಖಿಲಾಫತ್ತೇ ರದ್ದಾದಾಗ ಆ ಒರತೆ ಬತ್ತಿತು. ಮುಚ್ಚಿಬಿಡೋಣ ಎಂಬ ಮಾತು ಬಂತು. ಹಕೀಮ್ ಅಜ್ಮಲ್ ಖಾನ್ ಒಪ್ಪಲಿಲ್ಲ. 1925ರಲ್ಲಿ ಸಂಸ್ಥೆಯನ್ನು ದೆಹಲಿಯ ಕರೋಲ್ ಬಾಗ್‌ಗೆ ಸ್ಥಳಾಂತರಿಸಲಾಯಿತು. ತಮ್ಮ ವೈದ್ಯವೃತ್ತಿಯ ಸಂಪಾದನೆಯಿಂದ ಹಕೀಮ್ ಸಾಹೇಬರು ಅದನ್ನು ನಡೆಸಿದರು. ಹಣಕ್ಕಾಗಿ ಬೇಕಾದರೆ ಭಿಕ್ಷಾಪಾತ್ರೆ ಹಿಡಿಯಲೂ ತಾನು ಸಿದ್ಧ ಎಂದು ಗಾಂಧೀಜಿ ಧೈರ್ಯ ಹೇಳಿದ್ದು ಈ ಹೊತ್ತಿನಲ್ಲೇ.

1927ರ ಡಿಸೆಂಬರಿನಲ್ಲಿ ಹಕೀಮ್ ಸಾಹೇಬರು ತೀರಿಕೊಂಡರು. ಒಬ್ಬ ದೊಡ್ಡ ದಾನಿಯನ್ನೇ ನೆಚ್ಚಿಕೊಂಡ ಸಂಸ್ಥೆಗೆ ಆ ದಾನಿ ಹೋದ ದಿನ ಏನಾಗುತ್ತದೆಯೋ ಅದೇ ಜಾಮಿಯಾಕ್ಕೂ ಆಯಿತು. ಆಗ ಜರ್ಮನಿಯಲ್ಲಿ ಓದಿ ಬಂದಿದ್ದ ಡಾ. ಝಾಕಿರ್ ಹುಸೇನ್, ಆಬಿದ್ ಹುಸೇನ್, ಮುಹಮ್ಮದ್ ಮುಜೀಬ್ ಮೊದಲಾದವರು ಒಂದು ಪ್ರತಿಜ್ಞೆ ಮಾಡಿದರು. 1928ರ ಆ ಪ್ರತಿಜ್ಞೆಯ ಪ್ರಕಾರ ಅವರು ಇಪ್ಪತ್ತು ವರ್ಷ ಜಾಮಿಯಾದಲ್ಲೇ ಸೇವೆ ಸಲ್ಲಿಸಬೇಕು, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ತೆಗೆದುಕೊಳ್ಳಬಾರದು. ಬೇರೆಡೆ ಹೋಗಿದ್ದರೆ ಇದರ ಹಲವು ಪಟ್ಟು ಸಿಗುತ್ತಿದ್ದ ವಿದ್ವಾಂಸರು ಇವರು. ಝಾಕಿರ್ ಹುಸೇನ್ ಮುಂದೆ ಭಾರತದ ರಾಷ್ಟ್ರಪತಿಯಾದರು.

ದಾನ ಎಂದರೆ ನೋಟು ಎಂದಷ್ಟೇ ತಿಳಿಯುವ ನಮಗೆ ಇದು ಬೇರೊಂದು ಲೆಕ್ಕವನ್ನು ಕಲಿಸುತ್ತದೆ. ಈ ಅಧ್ಯಾಪಕರು ಬಿಟ್ಟುಕೊಟ್ಟ ಸಂಬಳವೇ ಜಾಮಿಯಾದ ಮೂಲನಿಧಿ.

ಅದರ ಜೊತೆಗೆ 'ಹಮ್‌ದರ್ದಾನ್-ಎ-ಜಾಮಿಯಾ' ಎಂಬ ಹಿತೈಷಿಗಳ ಬಳಗವನ್ನು ಕಟ್ಟಿದರು. ಸಣ್ಣ ಮೊತ್ತವನ್ನು ನಿಯಮಿತವಾಗಿ ಕೊಡುವ ಸಾಮಾನ್ಯ ಜನರು ಇದರ ಸದಸ್ಯರು. ಹಕೀಮ್ ಸಾಹೇಬರಂಥ ಒಬ್ಬರ ಜಾಗದಲ್ಲಿ ಬಹಳ ಮಂದಿ ಬಂದರು. ಒಬ್ಬ ನಿಂತುಹೋದರೆ ಸಂಸ್ಥೆ ಕುಸಿಯದ ವ್ಯವಸ್ಥೆ ಅದು. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಹಾಕುವಾಗ ಯಾವ ನವಾಬರನ್ನೂ ಕರೆಯಲಿಲ್ಲ. ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿಯ ಕೈಯಿಂದ ಆ ಕಲ್ಲು ಇಡಿಸಿದರು. 1962ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯವಾಯಿತು, 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು.

ಕರ್ನಾಟಕದಲ್ಲೂ ಸಮುದಾಯದ ಹಣ ಮತ್ತು ಶ್ರಮದಿಂದ ಬೆಳೆದ ಸಂಸ್ಥೆಗಳಿವೆ. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರದ್ದು, ಅಂದರೆ ಜಾಮಿಯಾಕ್ಕಿಂತ ಒಂದು ವರ್ಷ ಹಿರಿಯದು. ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ್ದು 1966ರಲ್ಲಿ. ಇವುಗಳ ಚರಿತ್ರೆಗೆ ಬೇರೆಯೇ ಲೇಖನ ಬೇಕು.

ಯಾವ ಹಣ ಯಾವುದಕ್ಕೆ

ದಾನಿಗಳ ಪ್ರಶ್ನೆಗೆ ಈಗ ನೇರವಾಗಿ ಬರಬಹುದು. ಕಟ್ಟಡವೋ, ವಿದ್ಯಾರ್ಥಿವೇತನವೋ? ಇದರಲ್ಲಿ ನಮ್ಮ ಇಷ್ಟಾನಿಷ್ಟದ ಮಾತು ಅರ್ಧ ಮಾತ್ರ. ಉಳಿದರ್ಧವನ್ನು ಶರೀಅತ್ತೇ ತೀರ್ಮಾನಿಸಿದೆ.

ಝಕಾತ್ ಯಾರಿಗೆ ಸಲ್ಲಬೇಕೆಂಬುದನ್ನು ಸೂರಾ ತೌಬಾದ 60ನೇ ಆಯತ್ತು ಎಂಟು ವರ್ಗಗಳಲ್ಲಿ ಹೇಳಿದೆ. ಹನಫಿ ಉಲಮಾಗಳ ಅಭಿಪ್ರಾಯದಲ್ಲಿ ಝಕಾತ್ ಸಲ್ಲಬೇಕಾದರೆ ಅರ್ಹ ವ್ಯಕ್ತಿಯನ್ನು ಆ ಹಣದ ಒಡೆಯನನ್ನಾಗಿ ಮಾಡಬೇಕು. ಇದನ್ನು 'ತಮ್ಲೀಕ್' ಎನ್ನುತ್ತಾರೆ. ಗೋಡೆ, ಛಾವಣಿ, ಗ್ರಂಥಾಲಯದ ಕಪಾಟು ಒಡೆಯರಾಗಲಾರವು. ಆದ್ದರಿಂದ ಝಕಾತಿನ ಹಣದಿಂದ ಕಟ್ಟಡ ಕಟ್ಟುವಂತಿಲ್ಲ, ಅಧ್ಯಾಪಕರ ಸಂಬಳ ಕೊಡುವಂತಿಲ್ಲ. ಅರ್ಹ ಬಡ ವಿದ್ಯಾರ್ಥಿಯ ಕೈಗೆ ಕೊಡಬಹುದು. ಆತ ಅದರಿಂದ ಫೀಸು ಕಟ್ಟಲಿ, ಮೆಸ್ ಬಿಲ್ ತೀರಿಸಲಿ. 'ಫೀ ಸಬೀಲಿಲ್ಲಾಹ್' ಎಂಬ ವರ್ಗವನ್ನು ಆಧುನಿಕ ವಿದ್ವಾಂಸರಲ್ಲಿ ಕೆಲವರು ವಿಶಾಲವಾಗಿ ಅರ್ಥೈಸುತ್ತಾರೆ. ಕರಾವಳಿಯ ನಮ್ಮ ಶಾಫಿಈ ಸಹೋದರರು ತಮ್ಮ ಉಲಮಾಗಳನ್ನು ಕೇಳಿ ನಿರ್ಧರಿಸಲಿ. ಸಂದೇಹವಿದ್ದಲ್ಲಿ ಝಕಾತನ್ನು ವಿದ್ಯಾರ್ಥಿಯ ಕೈಗೇ ಸೇರಿಸುವುದು ಸುರಕ್ಷಿತ ಎಂಬುದು ನಮ್ಮ ಟ್ರಸ್ಟಿನ ನಿಲುವು.

ಸ್ವಯಂಪ್ರೇರಿತ ಸದಕಾ, ಜನ 'ಲಿಲ್ಲಾಹ್' ಎಂದು ಕೊಡುವ ಹಣ, ಇವುಗಳಿಗೆ ಈ ಕಟ್ಟುಪಾಡಿಲ್ಲ. ಹಾಸ್ಟೆಲಿನ ಕೋಣೆ, ನೀರಿನ ಟ್ಯಾಂಕ್, ಪುಸ್ತಕ, ಕಚೇರಿಯ ಖರ್ಚು ಎಲ್ಲಕ್ಕೂ ಬರುತ್ತದೆ. ಮೂಲವನ್ನು ಮುಟ್ಟದೆ ಆದಾಯವನ್ನು ಮಾತ್ರ ಬಳಸಬೇಕೆಂದರೆ ಅದು ವಕ್ಫ್. ಮನುಷ್ಯ ಸತ್ತ ಮೇಲೂ ಮುಂದುವರಿಯುವ ಮೂರು ಕರ್ಮಗಳನ್ನು ಪ್ರವಾದಿ(ಸ) ಹೇಳಿದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಹರಿಯುತ್ತಿರುವ ದಾನ ಅದರಲ್ಲಿ ಒಂದು, ಪ್ರಯೋಜನಕ್ಕೆ ಬರುವ ಜ್ಞಾನ ಇನ್ನೊಂದು. ಕಟ್ಟಡ ಮಾತ್ರ ಸದಕಾ ಜಾರಿಯಾ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಒಬ್ಬಳು ಹುಡುಗಿಯನ್ನು ನರ್ಸಿಂಗ್ ಓದಿಸಿದರೆ ಆಕೆಯ ಕೈ ಆರೈಕೆ ಮಾಡುವ ರೋಗಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಇನ್ನೊಂದು ಬಗೆ ಖರ್ಝೆ ಹಸನಾ, ಬಡ್ಡಿಯಿಲ್ಲದ ಸಾಲ. ಒಬ್ಬರು ಕೊಟ್ಟ 50,000 ರೂಪಾಯಿ ಇಂದು ಒಬ್ಬನ ಕೊನೆಯ ವರ್ಷದ ಫೀಸಾಗಿ, ಆತ ಕೆಲಸಕ್ಕೆ ಸೇರಿ ತೀರಿಸಿದ ಮೇಲೆ ಇನ್ನೊಬ್ಬಳ ಫೀಸಾಗುತ್ತದೆ. ದಾನಿಗೆ ಇದು ಬಹಳ ಹಿಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಎಚ್ಚರದಿಂದ ಬಳಸಬೇಕು. ಕೆಲಸ ಬಹುತೇಕ ಖಚಿತವಿರುವ ಕೋರ್ಸಿನ ಕೊನೆಯ ವರ್ಷದವರಿಗೆ ಸಾಲ ಸರಿ. ಮೊದಲ ವರ್ಷ ಬಿ.ಎ. ಓದುವ, ಮನೆಯಲ್ಲಿ ದುಡಿಯುವವರಿಲ್ಲದ ಮಗುವಿನ ತಲೆಯ ಮೇಲೆ ಸಾಲ ಹೊರಿಸಿದರೆ ಓದು ಬಿಡುವ ಕಾರಣಗಳಿಗೆ ಇನ್ನೊಂದನ್ನು ಸೇರಿಸಿದಂತೆ.

ಸರ್ಕಾರದ ನೆರವು ಇದೆಯಲ್ಲ ಎನ್ನುವವರಿಗೆ ಒಂದು ಮಾಹಿತಿ. ಎಂ.ಫಿಲ್., ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022–23ರಿಂದ ನಿಲ್ಲಿಸಿರುವುದಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ರಾಜ್ಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ, ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುವ ವಿದ್ಯಾರ್ಥಿವೇತನ ಇವೆ. ಅರ್ಹತೆ ಇರುವ ಪ್ರತಿಯೊಬ್ಬರೂ ಅವುಗಳಿಗೆ ಅರ್ಜಿ ಹಾಕಲೇಬೇಕು. ಸರ್ಕಾರದ ಹಣ ಖಾತೆಗೆ ಬೀಳುವುದಕ್ಕೂ ಕಾಲೇಜು ಫೀಸು ಕೇಳುವುದಕ್ಕೂ ನಡುವೆ ತಿಂಗಳುಗಳ ಅಂತರವಿರುತ್ತದೆ. ಆ ತಿಂಗಳುಗಳಲ್ಲೇ ಮಕ್ಕಳು ಓದು ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಸೇರುವುದು.

ಅರ್ಜಿ ಹಾಕುವ ಕುಟುಂಬಗಳಿಗೆ

ಝಕಾತ್ ನಿಧಿಯಿಂದ ವಿದ್ಯಾರ್ಥಿವೇತನ ಪಡೆಯಲು ಎಷ್ಟೋ ತಂದೆ ತಾಯಂದಿರು ಹಿಂಜರಿಯುತ್ತಾರೆ. ಮಗಳ ಹೆಸರು ಝಕಾತ್ ಪಟ್ಟಿಯಲ್ಲಿ ಬಂದರೆ ನಾಳೆ ಸಂಬಂಧ ನೋಡುವಾಗ ಯಾರಾದರೂ ಮಾತಾಡಿಯಾರು ಎಂಬ ಭಯ. ಈ ಕಾರಣಕ್ಕೇ ಈ ವರದಿಯಲ್ಲಿ ಫಲಾನುಭವಿಗಳ ಹೆಸರಾಗಲಿ ಫೋಟೋ ಆಗಲಿ ಹಾಕಿಲ್ಲ. ದಾನಿಗಳು ಕೇಳಿದರೂ ಕೊಡುವುದಿಲ್ಲ. ಝಕಾತ್ ಅರ್ಹನಿಗೆ ಅಲ್ಲಾಹನು ನಿಗದಿಪಡಿಸಿದ ಹಕ್ಕು. ಪಡೆಯುವವರು ತಲೆ ತಗ್ಗಿಸಬೇಕಾಗಿಲ್ಲ. ಅರ್ಹರಲ್ಲದವರು ಪಡೆಯುವುದು ಮಾತ್ರ ಇನ್ನೊಬ್ಬರ ಹಕ್ಕನ್ನು ಕಿತ್ತುಕೊಂಡಂತೆ. ಆದಾಯ, ಚಿನ್ನ, ಜಮೀನಿನ ವಿವರ ಕೇಳುವುದು ಅದಕ್ಕಾಗಿ. ಝಕಾತಿಗೆ ಅರ್ಹರಲ್ಲದಿದ್ದರೂ ಕಷ್ಟದಲ್ಲಿರುವ ಕುಟುಂಬಗಳ ಅರ್ಜಿಯನ್ನು ಸದಕಾ ನಿಧಿಯಲ್ಲಿ ಪರಿಗಣಿಸಲಾಗುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯಿರಿ.

ಅರ್ಜಿಯ ಖರ್ಚಿನ ಕಾಲಂನಲ್ಲಿ ಬಹುತೇಕರು ಕಾಲೇಜು ಫೀಸನ್ನು ಮಾತ್ರ ಬರೆದು ಉಳಿದ ಸಾಲುಗಳನ್ನು ಖಾಲಿ ಬಿಡುತ್ತಾರೆ. ಹಾಗೆ ಮಾಡಬೇಡಿ. ಹಾಸ್ಟೆಲ್ ಅಥವಾ ಪಿಜಿ ಬಾಡಿಗೆ, ತಿಂಗಳ ಮೆಸ್ ಬಿಲ್, ಬಸ್ ಪಾಸ್, ಪರೀಕ್ಷಾ ಶುಲ್ಕ, ಪ್ರಯೋಗಾಲಯದ ಕೋಟು, ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವ ಖರ್ಚು ಎಲ್ಲವನ್ನೂ ಬರೆದು, ಇದ್ದಷ್ಟು ರಶೀದಿಗಳ ಪ್ರತಿ ಲಗತ್ತಿಸಿ. ರಶೀದಿ ಇಲ್ಲದ ಖರ್ಚನ್ನು ಬಿಳಿ ಹಾಳೆಯಲ್ಲಿ ಕೈಬರಹದಲ್ಲಿ ಬರೆದು ವಿದ್ಯಾರ್ಥಿಯ ಸಹಿ ಹಾಕಿಸಿದರೆ ಸಾಕು. ಫಾರ್ಮ್ ತುಂಬಲು ಕಷ್ಟವಾದರೆ ವಿದ್ಯಾರ್ಥಿಯನ್ನು ಜೊತೆಗೆ ಕರೆದುಕೊಂಡು ಕಚೇರಿಗೆ ಬನ್ನಿ, ನಾವೇ ಕೂತು ಬರೆದುಕೊಡುತ್ತೇವೆ.